ಲಗ್ನವೆಂಬ ಔಷಧವನ್ನು ನಾನೇಕೆ ಬರೆದುಕೊಡುವುದಿಲ್ಲ

ಹುಬ್ಬಳ್ಳಿಯ ನನ್ನ ಚಿಕಿತ್ಸಾಲಯಕ್ಕೆ ಗದಗ ಜಿಲ್ಲೆಯ ಒಂದು ಹಳ್ಳಿಯಿಂದ ತಂದೆ ಮತ್ತು ಮಗ ಬಂದಿದ್ದರು. ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಹೇಳುತ್ತಿದ್ದೇನೆ. ಮಗನಿಗೆ 26 ವರ್ಷ. ಓದು ಮುಗಿಸಿ ನೌಕರಿಗೆ ಸೇರಿದ್ದ. ಹೆಣ್ಣು ನೋಡಿ, ಎರಡೂ ಮನೆಯವರು ಒಪ್ಪಿ, ನಿಶ್ಚಿತಾರ್ಥಕ್ಕೆ ದಿನ ನೋಡುವ ಹೊತ್ತಿಗೆ, ತನಗೆ ಹೆಣ್ಣುಮಕ್ಕಳ ಮೇಲೆ ಮನಸ್ಸು ಹೋಗುವುದೇ ಇಲ್ಲ, ಹೋಗುವುದು ಗಂಡಸರ ಮೇಲೆ ಎಂದು ಅವನು ತಂದೆಯ ಮುಂದೆ ಬಾಯಿಬಿಟ್ಟಿದ್ದ. ತಂದೆ ಅವನನ್ನು ಹೊರಗೆ ಕೂರಿಸಿ ಬಂದು ನನ್ನನ್ನು ಕೇಳಿದರು: “ಡಾಕ್ಟರ್ರೀ, ಲಗ್ನಾ ಮಾಡಿದರ ಸರಿ ಹೋಗ್ತಾನೋ, ಇಲ್ಲಾ ಮೊದಲ ಏನರ ಗುಳಿಗಿ ಕೊಟ್ಟು ಆಮ್ಯಾಲೆ ಲಗ್ನಾ ಮಾಡೂಣೋ?”

ಆ ಪ್ರಶ್ನೆಯಲ್ಲಿ ಸಿಟ್ಟಿರಲಿಲ್ಲ, ಮಗನ ಬಗೆಗಿನ ಕಳವಳವೇ ಇತ್ತು. ಆದರೆ ಅವರು ತೋರಿಸಿದ ಎರಡು ದಾರಿಗಳೂ ಲಗ್ನಕ್ಕೇ ಹೋಗಿ ಮುಟ್ಟುತ್ತಿದ್ದವು. ನಮ್ಮ ಭಾಗದಲ್ಲಿ ಕುಡಿತಕ್ಕೆ, ಸೋಮಾರಿತನಕ್ಕೆ, ಮಂಕು ಕವಿದ ಮನಸ್ಸಿಗೆ ಎಲ್ಲದಕ್ಕೂ ಹಿರಿಯರು ಹೇಳುವ ಔಷಧ ಲಗ್ನವೇ. ಬೇರೆ ತೊಂದರೆಗಳಲ್ಲಿ ಅದರಿಂದ ಎಷ್ಟು ಹಾನಿಯಾಗಿದೆಯೆಂಬುದು ಹಾಗಿರಲಿ, ಈ ವಿಷಯದಲ್ಲಿ ಮಾತ್ರ ಅದರಿಂದ ಒಂದರ ಬದಲು ಎರಡು ಜೀವಗಳು ಹಾಳಾಗುತ್ತವೆ.

ಮೊದಲು ಗುಳಿಗೆಯ ಮಾತು. ರೋಗವಿದ್ದರೆ ತಾನೇ ಗುಳಿಗೆ? ಸಲಿಂಗಾಸಕ್ತಿಯನ್ನು ರೋಗಗಳ ಪಟ್ಟಿಗೆ ಸೇರಿಸಿದ್ದು ನಮ್ಮ ವೃತ್ತಿಯವರೇ ಎಂಬುದನ್ನು ಮನೋವೈದ್ಯನಾಗಿ ನಾನು ಮರೆಯಬಾರದು. ತಪ್ಪು ಗೊತ್ತಾಗಲು ಕಾಲ ಹಿಡಿಯಿತು. ಅಮೆರಿಕದ ಮನಶ್ಶಾಸ್ತ್ರಜ್ಞೆ ಎವಲಿನ್ ಹೂಕರ್ ಅವರು 30 ಮಂದಿ ಸಲಿಂಗಾಸಕ್ತ ಪುರುಷರಿಗೂ 30 ಮಂದಿ ಇತರ ಪುರುಷರಿಗೂ ಒಂದೇ ಬಗೆಯ ಮಾನಸಿಕ ಪರೀಕ್ಷೆಗಳನ್ನು ಮಾಡಿ, ಯಾರದು ಯಾವುದೆಂದು ಹೇಳದೆ ಫಲಿತಾಂಶಗಳನ್ನು ಪರಿಣತರ ಮುಂದಿಟ್ಟರು. ಪರಿಣತರಿಗೆ ಎರಡು ಗುಂಪುಗಳನ್ನು ಬೇರ್ಪಡಿಸಿ ಹೇಳಲು ಸಾಧ್ಯವಾಗಲಿಲ್ಲ. ಆ ಅಧ್ಯಯನ ಪ್ರಕಟವಾದದ್ದು 1957ರಲ್ಲಿ. ಅಮೆರಿಕದ ಮನೋವೈದ್ಯರ ಸಂಘ ತನ್ನ ಪಟ್ಟಿಯಿಂದ ಅದನ್ನು ತೆಗೆದದ್ದು 1973ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆ ತೆಗೆದದ್ದು 1990ರಲ್ಲಿ. ಭಾರತೀಯ ಮನೋವೈದ್ಯರ ಸಂಘವೂ ಇದು ರೋಗವಲ್ಲವೆಂದು 2018ರಲ್ಲಿ ಬಹಿರಂಗವಾಗಿ ಹೇಳಿತು.

ಹಾಗಾದರೆ ಏಕೆ ಹೀಗಾಯಿತು ಎಂದು ತಾಯಂದಿರು ಕೇಳುತ್ತಾರೆ. ಬಸುರಿಯಾಗಿದ್ದಾಗ ತಿಂದದ್ದರಿಂದ ಹಿಡಿದು ಮಗನನ್ನು ಹಾಸ್ಟೆಲ್ಲಿಗೆ ಕಳಿಸಿದ್ದರವರೆಗೆ ತಮ್ಮ ತಪ್ಪುಗಳನ್ನೇ ಹುಡುಕುತ್ತಾರೆ. ಸುಮಾರು 4.8 ಲಕ್ಷ ಜನರ ವಂಶವಾಹಿಗಳನ್ನು ಪರಿಶೀಲಿಸಿದ, 2019ರಲ್ಲಿ ಪ್ರಕಟವಾದ ಅಧ್ಯಯನವೊಂದು, ಇದಕ್ಕೆ ಕಾರಣವಾಗುವ ಒಂಟಿ ವಂಶವಾಹಿ ಯಾವುದೂ ಇಲ್ಲ, ಸಣ್ಣ ಸಣ್ಣ ಪ್ರಭಾವಗಳು ಅನೇಕವಿವೆ ಎಂದು ತೋರಿಸಿತು. ತಂದೆತಾಯಿ ಬೆಳೆಸಿದ ರೀತಿಯಿಂದ ಮಗುವಿನ ಲೈಂಗಿಕ ಒಲವು ಹೀಗಾಗುತ್ತದೆ ಎಂಬುದಕ್ಕೆ ಆಧಾರ ಸಿಕ್ಕಿಲ್ಲ. ಈ ಮಾತು ಕೇಳಿ ನನ್ನ ಕೋಣೆಯಲ್ಲಿ ಅತ್ತ ತಾಯಂದಿರನ್ನು ನಾನು ಕಂಡಿದ್ದೇನೆ.

ಇನ್ನೊಂದು ಗೊಂದಲ ನಮ್ಮ ನಾಡಿಗೇ ವಿಶೇಷವಾದದ್ದು. ಸವದತ್ತಿ ಎಲ್ಲಮ್ಮನ ಪರಿಷೆ ಕಂಡವರಿಗೆ, ಗಂಡಾಗಿ ಹುಟ್ಟಿ ದೇವಿಗೆ ಮುಡಿಪಾಗಿ ಸೀರೆ ಉಟ್ಟು ಬಾಳುವ ಜೋಗಪ್ಪಂದಿರು ಗೊತ್ತು. “ಇವನೂ ನಾಳಿ ಸೀರಿ ಉಡ್ತಾನೇನ್ರಿ?” ಎಂದು ಆ ತಂದೆಯೂ ದನಿ ತಗ್ಗಿಸಿ ಕೇಳಿದರು. ತಾನು ಯಾರು, ಗಂಡೋ ಹೆಣ್ಣೋ ಎಂಬ ಒಳಗಿನ ಅರಿವು ಒಂದು. ಮನಸ್ಸು ಯಾರತ್ತ ಸೆಳೆಯುತ್ತದೆ ಎಂಬುದು ಇನ್ನೊಂದು. ಜೋಗಪ್ಪಂದಿರ ಬದುಕನ್ನು ಅರಿಯಲು ಮೊದಲನೆಯದು ಮುಖ್ಯ, ಅದಕ್ಕೆ ಅದರದ್ದೇ ಘನತೆಯಿದೆ. ಈ ಹುಡುಗನಿಗಾದರೋ ತಾನು ಗಂಡಸೆಂಬ ಬಗ್ಗೆ ಯಾವ ಸಂಶಯವೂ ಇಲ್ಲ. ಬಳಕೆಯಲ್ಲಿರುವ ‘ಸಲಿಂಗಕಾಮ’ ಎಂಬ ಪದವೂ ನಮ್ಮನ್ನು ದಾರಿ ತಪ್ಪಿಸುತ್ತದೆ. ಅದನ್ನು ಕೇಳಿದವರಿಗೆ ಹಾಸಿಗೆಯೊಂದೇ ಕಣ್ಣಿಗೆ ಕಟ್ಟುತ್ತದೆ. ಜ್ವರ ಬಂದಾಗ ಪಕ್ಕದಲ್ಲಿ ಯಾರು ಕೂತಿರಬೇಕು, ಮುಪ್ಪಿನಲ್ಲಿ ಯಾರ ಜೊತೆ ಚಹಾ ಕುಡಿಯಬೇಕು ಎಂಬ ಹಂಬಲ ಕಾಣುವುದಿಲ್ಲ. ಅದಕ್ಕಾಗಿ ನಾನು ಸಲಿಂಗಾಸಕ್ತಿ ಎಂದೇ ಬರೆಯುತ್ತೇನೆ. ಯುವಕರು ತಮ್ಮನ್ನು ಗೇ ಎಂದು ಕರೆದುಕೊಂಡರೆ ಅದೇ ಪದವನ್ನು ಬಳಸುತ್ತೇನೆ.

ಆ ಪದವನ್ನು ತನ್ನದೆಂದು ಹೇಳಿಕೊಳ್ಳುವ ತನಕದ ದಾರಿ ದೀರ್ಘವಾದದ್ದು. ಆಸ್ಟ್ರೇಲಿಯಾದ ಮನಶ್ಶಾಸ್ತ್ರಜ್ಞೆ ವಿವಿಯನ್ ಕ್ಯಾಸ್ 1979ರಲ್ಲಿ ಅದನ್ನು ಆರು ಹಂತಗಳಾಗಿ ವಿವರಿಸಿದರು: ಗೊಂದಲ, ಇತರರೊಂದಿಗೆ ಹೋಲಿಕೆ, ಸಹಿಸಿಕೊಳ್ಳುವುದು, ಒಪ್ಪಿಕೊಳ್ಳುವುದು, ಹೆಮ್ಮೆ, ಕೊನೆಗೆ ಈ ಗುರುತು ತನ್ನ ಇಡೀ ವ್ಯಕ್ತಿತ್ವದೊಳಗೆ ಒಂದು ಭಾಗವಾಗಿ ಬೆರೆತುಹೋಗುವುದು. ಧಾರವಾಡದ ಸಪ್ತಾಪುರದಲ್ಲಿ ಕೋಣೆ ಹಿಡಿದು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರಲ್ಲಿ ಮೊದಲ ಮೂರು ಹಂತಗಳನ್ನು ನಾನು ಸ್ಪಷ್ಟವಾಗಿ ಕಂಡಿದ್ದೇನೆ. ಕೋಣೆಯ ಗೆಳೆಯರು ಹುಡುಗಿಯರ ಮಾತಾಡುವಾಗ ತಾನೂ ಒಂದು ಹೆಸರನ್ನು ಕಟ್ಟಿ ಹೇಳುವುದು, ಮೊಬೈಲಿನಲ್ಲಿ ಹುಡುಕಿದ್ದನ್ನು ಮರುಕ್ಷಣ ಅಳಿಸುವುದು, ತನ್ನಂಥವನು ಇನ್ನೊಬ್ಬನಿದ್ದಾನೆಂದು ಗೊತ್ತಾದ ರಾತ್ರಿ ನಿದ್ದೆ ಬಾರದಿರುವುದು. ಆದರೆ ಮುಂದಿನ ಹಂತಗಳಿಗೆ ಬಂದಾಗ ಕ್ಯಾಸ್ ಅವರ ಏಣಿ ನಮ್ಮ ಮನೆಗಳ ಗೋಡೆಗೆ ಸರಿಯಾಗಿ ಆನುವುದಿಲ್ಲ. ಇಲ್ಲಿ ಒಬ್ಬನ ಗುರುತು ಅವನೊಬ್ಬನದಲ್ಲ. ಅಕ್ಕನ ಲಗ್ನ, ಅಪ್ಪನ ಮರ್ಯಾದೆ, ಪಾಲಾಗದ ಹೊಲ ಎಲ್ಲವೂ ಅದಕ್ಕೆ ಸುತ್ತಿಕೊಂಡಿರುತ್ತವೆ. ಬೆಂಗಳೂರಿನಲ್ಲಿ ಗೆಳೆಯರ ನಡುವೆ ಎಲ್ಲವನ್ನೂ ಒಪ್ಪಿಕೊಂಡು ಹಗುರಾದವನು, ಹಬ್ಬಕ್ಕೆ ಊರಿನ ಬಸ್ಸು ಇಳಿಯುವಾಗ ಮತ್ತೆ ಮೊದಲ ಹಂತಕ್ಕೆ ಬಂದಿರುತ್ತಾನೆ. ಇಂಥ ಎರಡು ಬಾಳು ಹೊತ್ತವರಲ್ಲಿ ಖಿನ್ನತೆ, ಆತಂಕ, ಸಾಯುವ ಯೋಚನೆ ಕಂಡುಬಂದರೆ ಅದಕ್ಕೆ ಚಿಕಿತ್ಸೆ ಕೊಡಲೇಬೇಕು. ಆ ಸಂಕಟ ಹುಟ್ಟುವುದು ಒಲವಿನಿಂದಲ್ಲ, ಅದನ್ನು ಬಚ್ಚಿಡಬೇಕಾದ ಭಯದಿಂದ.

ಲಗ್ನದ ವಿಷಯದಲ್ಲಿ ನಾನಿಷ್ಟು ಕಟ್ಟುನಿಟ್ಟಾಗಲು ಕಾರಣವೊಂದಿದೆ. ವೃತ್ತಿಯ ಆರಂಭದ ವರ್ಷಗಳಲ್ಲಿ, ಹಾವೇರಿ ಕಡೆಯ ಯುವಕನೊಬ್ಬನಿಗೆ ಖಿನ್ನತೆಯ ಗುಳಿಗೆ ಬರೆದುಕೊಟ್ಟು, ಅವನು ಹೇಳಲು ಹವಣಿಸಿದ್ದನ್ನು ಪೂರ್ತಿ ಕೇಳದೆ, ಮನೆಯವರು ಲಗ್ನದ ಮಾತೆತ್ತಿದಾಗ “ಆಗಲಿ, ಒಳ್ಳೆಯದೇ” ಎಂದಿದ್ದೆ. ಮೂರು ವರ್ಷದ ನಂತರ ನಿದ್ದೆಯಿಲ್ಲ, ಎದೆ ಡವಗುಟ್ಟುತ್ತದೆ ಎಂದು ಬಂದ ಹೆಣ್ಣುಮಗಳು ಅವನ ಹೆಂಡತಿ. ಗಂಡ ತನ್ನನ್ನು ಒಮ್ಮೆಯೂ ಬೈದಿಲ್ಲ, ಹೊಡೆದಿಲ್ಲ, ಆದರೆ ಹತ್ತಿರವೂ ಬಂದಿಲ್ಲ ಎಂದಳು. ಅತ್ತೆ ಅವಳನ್ನು ಬಂಜೆ ಎನ್ನುತ್ತಿದ್ದರು. ತನ್ನಲ್ಲಿ ಏನು ಕೊರತೆಯಿದೆಯೆಂದು ಅವಳು ನನ್ನನ್ನು ಕೇಳಿದಾಗ, ಅವಳ ಗಂಡ ನನ್ನನ್ನು ನಂಬಿ ಅಷ್ಟಿಷ್ಟು ಹೇಳಿದ್ದನ್ನೂ ಬಾಯಿಬಿಡುವಂತಿರಲಿಲ್ಲ. ಲಗ್ನಕ್ಕೆ ಮೊದಲೇ ಆಡಬೇಕಿದ್ದ ಮಾತು ನನ್ನ ಗಂಟಲಲ್ಲೇ ಉಳಿಯಿತು. ಮಗನ ಹಕ್ಕಿನ ಬಗ್ಗೆ ಮಾತಾಡುವಾಗ ಆ ಹೆಣ್ಣುಮಗಳ ಹಕ್ಕನ್ನೂ ಅದರ ಪಕ್ಕದಲ್ಲಿಟ್ಟೇ ಮಾತಾಡಬೇಕು.

ಕಾನೂನಿನ ಭಯವನ್ನೂ ಜನ ಇನ್ನೂ ಹೊತ್ತು ತರುತ್ತಾರೆ. ಬ್ರಿಟಿಷರು 1860ರಲ್ಲಿ ಬರೆದ ಭಾರತೀಯ ದಂಡ ಸಂಹಿತೆಯ 377ನೇ ಕಲಂ ಸಲಿಂಗ ಲೈಂಗಿಕ ಸಂಬಂಧವನ್ನು ಜೀವಾವಧಿ ಶಿಕ್ಷೆಯವರೆಗೆ ಎಳೆಯಬಲ್ಲ ಅಪರಾಧವಾಗಿಸಿತ್ತು. ದೆಹಲಿ ಹೈಕೋರ್ಟ್ 2009ರಲ್ಲಿ ವಯಸ್ಕರ ಪರಸ್ಪರ ಒಪ್ಪಿಗೆಯ ಸಂಬಂಧವನ್ನು ಅದರಿಂದ ಬಿಡಿಸಿತು. ಸುಪ್ರೀಂ ಕೋರ್ಟ್ 2013ರಲ್ಲಿ ಆ ತೀರ್ಪನ್ನು ರದ್ದುಗೊಳಿಸಿತು. ಬಾಗಿಲು ಮತ್ತೆ ತೆರೆದದ್ದರಲ್ಲಿ ಕನ್ನಡ ನಾಡಿನ ಹೆಸರೊಂದಿದೆ: ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಆಧಾರ್ ವಿಷಯದಲ್ಲಿ ಹೂಡಿದ ಮೊಕದ್ದಮೆಯಲ್ಲಿ ಖಾಸಗಿತನ ಮೂಲಭೂತ ಹಕ್ಕೆಂದು 2017ರಲ್ಲಿ ಘೋಷಿಸಿದ ನ್ಯಾಯಪೀಠ, ಲೈಂಗಿಕ ಒಲವೂ ಆ ಖಾಸಗಿತನದ ಭಾಗವೆಂದಿತು. ಮರುವರ್ಷ, 2018ರ ಸೆಪ್ಟೆಂಬರ್ 6ರಂದು, ಐವರು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ವಯಸ್ಕರ ಒಪ್ಪಿಗೆಯ ಸಂಬಂಧವನ್ನು ಅಪರಾಧದಿಂದ ಹೊರಗಿಟ್ಟಿತು. ಮದುವೆಯಾಗುವ ಹಕ್ಕು ಸಲಿಂಗ ಜೋಡಿಗಳಿಗೆ ಇನ್ನೂ ಸಿಕ್ಕಿಲ್ಲ. 2023ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ನಿರಾಕರಿಸಿತು. ಇದು ಅಪೂರ್ಣ ನ್ಯಾಯವೆಂದೇ ನನ್ನ ಅಭಿಪ್ರಾಯ.

ವೈದ್ಯರಿಗೂ ಕಾನೂನು ಗೆರೆ ಎಳೆದಿದೆ. ಮಾನಸಿಕ ಆರೋಗ್ಯ ಆರೈಕೆ ಕಾಯಿದೆ 2017, ಲೈಂಗಿಕ ಒಲವಿನ ಆಧಾರದಲ್ಲಿ ಚಿಕಿತ್ಸೆಯಲ್ಲಿ ಭೇದ ಮಾಡುವಂತಿಲ್ಲ ಎನ್ನುತ್ತದೆ. ಒಲವನ್ನೇ ಬದಲಿಸುತ್ತೇವೆಂದು ಹೇಳುವ ಚಿಕಿತ್ಸೆ ವೃತ್ತಿಪರ ದುರ್ನಡತೆಯೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ರಾಜ್ಯಗಳ ವೈದ್ಯಕೀಯ ಪರಿಷತ್ತುಗಳಿಗೆ ತಿಳಿಸಿದೆ. ಇಂಜೆಕ್ಷನ್, ಶಾಕ್, ಹಾರ್ಮೋನ್ ಎಂದು ಯಾರಾದರೂ ದುಡ್ಡು ಕೇಳಿದರೆ ಎದ್ದು ಬನ್ನಿ.

ಇಷ್ಟೆಲ್ಲವನ್ನೂ ಆ ತಂದೆಗೆ ಒಂದೇ ದಿನ ಹೇಳಲಿಲ್ಲ. ಮೂರು ಭೇಟಿಗಳಲ್ಲಿ, ಎರಡನೆಯ ಸಲದಿಂದ ತಾಯಿಯನ್ನೂ ಕೂರಿಸಿಕೊಂಡು ಹೇಳಿದೆ. ಮಗನೊಬ್ಬನನ್ನೇ ಕೂರಿಸಿ ಮಾತಾಡಿದಾಗ, ಯಾರಿಗೆ ಯಾವಾಗ ಹೇಳಬೇಕೆಂಬ ನಿರ್ಧಾರ ನಿನ್ನದೇ, ಅವಸರವೇನಿಲ್ಲ, ಅಪರಾತ್ರಿಯಲ್ಲಿ ಮನಸ್ಸು ತೀರ ಕುಗ್ಗಿದರೆ 14416ಕ್ಕೆ ಕರೆ ಮಾಡು, ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ ಎಂದೆ.

ಕೊನೆಯ ಭೇಟಿಯಲ್ಲಿ ತಂದೆ ಎದ್ದವರು ಮತ್ತೆ ಕೂತು, “ಹೆಣ್ಣಿನ ಕಡೆಯವರಿಗೆ ಏನಂತ ಹೇಳೂದ್ರೀ?” ಎಂದರು. ನಾನೆಂದೆ, “ಯಜಮಾನ್ರ, ನಮ್ಮ ಹುಡುಗಗ ಸದ್ಯ ಲಗ್ನದ ಮನಸ್ಸಿಲ್ಲ, ನಿಮ್ಮ ಮಗಳಾಗ ಯಾವ ಕೊರತೀನೂ ಇಲ್ಲ ಅಂತ ನೀವ ಸ್ವತಃ ಹೋಗಿ ಹೇಳಿ ಬರ್ರಿ. ಎರಡನೇ ಮಾತು ಮರೀಬ್ಯಾಡ್ರಿ.” ಮುಂದಿನ ಸೋಮವಾರ ಹೋಗಿ ಬಂದೆನೆಂದು ಅವರು ಫೋನು ಮಾಡಿದರು.