ಹುರುಳಿ ಬೇರಿಗೆ ಗೊತ್ತಿರುವ ಕೆಲಸ

ಯೂರಿಯಾ ಮೂಟೆಯ ಬೆಲೆ ರೈತರಿಗೆಲ್ಲ ಗೊತ್ತು. ಅದಕ್ಕೆ ಬೇಕಾದ ಅಮೋನಿಯಾ ಎಷ್ಟು ಉರುವಲು ನುಂಗುತ್ತದೆ ಅನ್ನುವುದು ಮಾತ್ರ ಕಣ್ಣಿಗೆ ಬೀಳುವುದಿಲ್ಲ. ಜಗತ್ತು ಬಳಸುವ ಶಕ್ತಿಯಲ್ಲಿ ಸುಮಾರು ಶೇ 2ರಷ್ಟು ಇದಕ್ಕೇ ಹೋಗುತ್ತದೆ.

ಹುರುಳಿ, ಶೇಂಗಾ ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಅಮೋನಿಯಾ ಮಾಡುವ ಇದೇ ಕೆಲಸವನ್ನು ಮಣ್ಣಿನ ಬಿಸಿಯಲ್ಲೇ ಮುಗಿಸುತ್ತವೆ. ಪುಕ್ಕಟೆ ಏನಲ್ಲ, ಗಿಡದ ಸಕ್ಕರೆ ತಿಂದು ಮಾಡುತ್ತವೆ.

ಮನುಷ್ಯರಿಗೆ ಇದು ಕೈಗೂಡಿದ್ದು 1909ರಲ್ಲಿ, ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ. ವಿಜ್ಞಾನಿ ಫ್ರಿಟ್ಸ್ ಹೇಬರ್ ಆಸ್ಮಿಯಂ ಎಂಬ ಲೋಹವನ್ನು ವೇಗವರ್ಧಕವಾಗಿ (ಕ್ರಿಯೆಯನ್ನು ಚುರುಕುಗೊಳಿಸುವ ವಸ್ತುವಾಗಿ) ಬಳಸಿ ಅಮೋನಿಯಾ ಹನಿಸಿ ತೋರಿಸಿದರು. ಆಸ್ಮಿಯಂ ಸಿಗುವುದೇ ಅಪರೂಪ. ಅದರ ಬದಲಿಗೆ ಬೇರೆ ವೇಗವರ್ಧಕ ಹುಡುಕುತ್ತ ರಸಾಯನ ವಿಜ್ಞಾನಿ ಆಲ್ವಿನ್ ಮಿಟಾಶ್ ಸಾವಿರಾರು ಪ್ರಯೋಗ ಮಾಡಿದರು. ಸ್ವೀಡನ್ನಿನ ಒಂದು ಕಬ್ಬಿಣದ ಅದಿರು ದಾರಿ ತೋರಿಸಿತು. ಕಾರ್ಲ್ ಬಾಷ್ 1913ರಲ್ಲಿ ಜರ್ಮನಿಯ ಒಪ್ಪಾವ್‌ನಲ್ಲಿ ಕಾರ್ಖಾನೆ ಶುರುಮಾಡಿದರು.

ಅಮೋನಿಯಾ ಆಗಲು ಗಾಳಿಯ ಸಾರಜನಕ ಹೈಡ್ರೋಜನ್ ಜೊತೆ ಸೇರಬೇಕು. ತೊಡಕು ಇರುವುದು ಸಾರಜನಕದಲ್ಲಿ. ಅದರ ಎರಡು ಪರಮಾಣುಗಳು ಮೂರು ಎಳೆಗಳಿಂದ ಬಿಗಿದುಕೊಂಡಿವೆ. ಅದನ್ನು ಬಿಡಿಸಲು ಬಿಸಿ ಬೇಕು, ಬಿಸಿ ಜಾಸ್ತಿಯಾದರೆ ತಯಾರಾದ ಅಮೋನಿಯಾವೇ ಒಡೆಯುತ್ತದೆ. ಹಾಗಾಗಿ 400–500 ಡಿಗ್ರಿ ಬಿಸಿಯ ಜೊತೆಗೆ ಗಾಳಿಯ ಒತ್ತಡದ ಸುಮಾರು 200 ಪಟ್ಟು ಒತ್ತಡ.

ಜಪಾನಿನ ಹಿದೆಒ ಹೊಸೊನೊ ತಂಡ 2012ರಲ್ಲಿ ರುಥೇನಿಯಂ ಎಂಬ ಲೋಹ ಬಳಸಿ ಈ ಬಿಸಿ, ಒತ್ತಡ ಎರಡನ್ನೂ ತಗ್ಗಿಸುವ ವೇಗವರ್ಧಕ ತೋರಿಸಿತು. ಆದರೆ ಶಕ್ತಿಯ ದೊಡ್ಡ ಪಾಲು ತಿನ್ನುವುದು ಈ ಹಂತವಲ್ಲ, ನೈಸರ್ಗಿಕ ಅನಿಲದಿಂದ ಹೈಡ್ರೋಜನ್ ತೆಗೆಯುವ ಹಂತ. ಸುದ್ದಿಗಳಲ್ಲಿ ಇದು ಸಾಮಾನ್ಯವಾಗಿ ಮರೆತೇ ಹೋಗುತ್ತದೆ.

ಹಾಗಿದ್ದರೆ ಹೈಡ್ರೋಜನ್ ಬೇರೆಯಾಗಿ ತೆಗೆಯುವ ಗೊಡವೆಯೇ ಬೇಡ, ನೇರವಾಗಿ ಅಮೋನಿಯಾ ಮಾಡಲು ಗಾಳಿ, ನೀರು, ಕರೆಂಟ್ ಸಾಕಲ್ವಾ? ಹಲವರು ಹಾಗೇ ಹೊರಟರು, ಗೆದ್ದೆವೆಂದೂ ಬರೆದರು. ಆದರೆ ತಯಾರಾಗುತ್ತಿದ್ದುದು ಚಿಟಿಕೆಗಿಂತ ಕಡಿಮೆ. ಅಮೋನಿಯಾ ಗಾಳಿಯಲ್ಲಿದೆ, ಕೈಗವಸಿನಲ್ಲಿದೆ, ನಮ್ಮ ಉಸಿರಿನಲ್ಲೂ ಇದೆ. ಸಿಕ್ಕಿದ್ದು ಯಂತ್ರದ್ದೋ ವಿಜ್ಞಾನಿಯ ಉಸಿರಿನದ್ದೋ ಹೇಳುವುದು ಹೇಗೆ? ಡೆನ್ಮಾರ್ಕ್, ಅಮೆರಿಕ, ಬ್ರಿಟನ್‌ನ ಸಂಶೋಧಕರು 2019ರಲ್ಲಿ ಒಂದು ಕಟ್ಟುನಿಟ್ಟಿನ ಪರೀಕ್ಷೆ ಮುಂದಿಟ್ಟರು. ತೂಕ ಹೆಚ್ಚಿರುವ ಸಾರಜನಕ-15 ಕೊಟ್ಟು ನೋಡಿ, ಅದೇ ಅಮೋನಿಯಾದಲ್ಲಿ ಬಂದರೆ ಮಾತ್ರ ನಂಬಿ. ಅವರು ತಾವೇ ಪರೀಕ್ಷಿಸಿದ ಲೋಹಗಳೂ ಸೋತವು. ನಿಂತದ್ದು 1930ರಿಂದ ಗೊತ್ತಿದ್ದ ಲಿಥಿಯಂ ವಿಧಾನ, ಅಂದರೆ ಕರೆಂಟಿನಿಂದ ಲಿಥಿಯಂ ಲೋಹ ತಯಾರಿಸಿ ಅದರಿಂದ ಸಾರಜನಕವನ್ನು ಒಡೆಸುವುದು.

ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದ ತಂಡ 2021ರಲ್ಲಿ ಅದನ್ನು ಇನ್ನಷ್ಟು ಸುಧಾರಿಸಿತು. ಆದರೆ ಲಿಥಿಯಂ ಲೋಹ ತಯಾರಾಗಲು 3 ವೋಲ್ಟ್‌ಗೂ ಹೆಚ್ಚು ಬೇಕು. ಕರೆಂಟಿನ ಲೆಕ್ಕ ಹಾಕಿದರೆ, ನೀರು ಒಡೆದು ಹೈಡ್ರೋಜನ್ ತೆಗೆದು ಹೇಬರ್‌ನ ಹಳೇ ವಿಧಾನಕ್ಕೆ ಕೊಡುವುದೇ ಈಗಲೂ ಕಡಿಮೆ ಖರ್ಚಿನದು.