ಹಾಡಿದವರು ಬೇರೆ, ಹೆಸರಿನ ಯಜಮಾನ ಬೇರೆ

1958ರಲ್ಲಿ ನ್ಯೂಯಾರ್ಕ್‌ನ ಹಾರ್ಲೆಮ್‌ನಲ್ಲಿರುವ ಅಪೊಲೊ ಥಿಯೇಟರ್‌ನಲ್ಲಿ ಒಂದು ಜಗಳ ಆಯಿತು. ಡ್ರಿಫ್ಟರ್ಸ್ ಎಂಬ ಅಮೆರಿಕದ ಗಾಯಕರ ಗುಂಪಿನವರಿಗೂ ಥಿಯೇಟರ್‌ನವರಿಗೂ ಮಾತಿಗೆ ಮಾತು ಬೆಳೆಯಿತು. ಗುಂಪಿನ ಮ್ಯಾನೇಜರ್ ಜಾರ್ಜ್ ಟ್ರೆಡ್ವೆಲ್ ರಾಜಿ ಮಾಡಿಸಲು ಹೋಗಲಿಲ್ಲ. ಅಷ್ಟೂ ಗಾಯಕರನ್ನು ಒಂದೇ ಏಟಿಗೆ ಕೆಲಸದಿಂದ ತೆಗೆದರು. ಆದರೆ ಅಪೊಲೊ ಜೊತೆಗಿನ ಕರಾರು ಇನ್ನೂ ಮುಗಿದಿರಲಿಲ್ಲ. ಡ್ರಿಫ್ಟರ್ಸ್ ಹೆಸರಲ್ಲಿ ಯಾರಾದರೂ ಬಂದು ಹಾಡಲೇಬೇಕಿತ್ತು. ಅದೇ ವೇದಿಕೆಯಲ್ಲಿ ಹಾಡುತ್ತಿದ್ದ ಕ್ರೌನ್ಸ್ ಎಂಬ ಇನ್ನೊಂದು ಗುಂಪು ಟ್ರೆಡ್ವೆಲ್ ಕಣ್ಣಿಗೆ ಬಿತ್ತು. ಆ ಹುಡುಗರಿಗೆ ಹೊಸ ಹೆಸರು ಕೊಟ್ಟರು. ಅಲ್ಲಿಂದಾಚೆ ಡ್ರಿಫ್ಟರ್ಸ್ ಅಂದರೆ ಅವರೇ.

ಹಳಬರು ಒಬ್ಬರೂ ಇಲ್ಲ, ಹೆಸರು ಮಾತ್ರ ಅದೇ. ಕೇಳಲು ವಿಚಿತ್ರ ಅನಿಸುತ್ತದೆ, ಅಲ್ವಾ? ಕಾನೂನಿನ ಲೆಕ್ಕದಲ್ಲಿ ಇದರಲ್ಲಿ ವಿಚಿತ್ರವೇನೂ ಇರಲಿಲ್ಲ. ಡ್ರಿಫ್ಟರ್ಸ್ ಎಂಬುದು ಗೆಳೆಯರ ಗುಂಪಾಗಿರಲಿಲ್ಲ, ಟ್ರೆಡ್ವೆಲ್ ಅವರ ಆಸ್ತಿಯಾಗಿತ್ತು. ಗಾಯಕರು ವಾರದ ಸಂಬಳಕ್ಕೆ ದುಡಿಯುವವರು.

ಇದರ ಬೇರು ಐದು ವರ್ಷ ಹಿಂದಿನದು. ಕ್ಲೈಡ್ ಮ್ಯಾಕ್‌ಫ್ಯಾಟರ್ ಆಗ ಬಿಲ್ಲಿ ವಾರ್ಡ್ ಅವರ ಡಾಮಿನೋಸ್ ಗುಂಪಿನ ಮುಖ್ಯ ಗಾಯಕ. ಚರ್ಚ್‌ನಲ್ಲಿ ಪಳಗಿದ ಏರುದನಿ. ದೇವರ ಹಾಡಿನ ಆ ಉಮ್ಮಳವನ್ನೇ ಪ್ರೇಮದ ಹಾಡಿಗೆ ತಂದವರು. ಮುಂದೆ ಸೋಲ್ ಸಂಗೀತ ಅಂತ ಜನ ಯಾವುದನ್ನು ಕರೆದರೋ, ಅದರ ಮೊಳಕೆ ಈ ದನಿಯಲ್ಲೇ ಇತ್ತು. ಆದರೆ ಅವರದೂ ಸಂಬಳದ ಬದುಕೇ. ಕೆಲವೊಮ್ಮೆ ಅವರನ್ನು ವಾರ್ಡ್ ಅವರ ತಮ್ಮ 'ಕ್ಲೈಡ್ ವಾರ್ಡ್' ಎಂದು ಜನರಿಗೆ ಪರಿಚಯಿಸುತ್ತಿದ್ದರಂತೆ. ದನಿ ಇವರದು, ಮೆರೆಯುವ ಹೆಸರು ವಾರ್ಡ್ ಅವರದು.

1953ರಲ್ಲಿ ಅಟ್ಲಾಂಟಿಕ್ ರೆಕಾರ್ಡ್ಸ್‌ನ ಅಹ್ಮೆತ್ ಎರ್ತೆಗುನ್ ಡಾಮಿನೋಸ್ ಹಾಡು ಕೇಳಲು ಹೋದರು. ವೇದಿಕೆಯಲ್ಲಿ ಮ್ಯಾಕ್‌ಫ್ಯಾಟರ್ ಕಾಣಲಿಲ್ಲ. ವಿಚಾರಿಸಿದರೆ, ಅವರು ಗುಂಪಿನಲ್ಲೇ ಇಲ್ಲ! ಎರ್ತೆಗುನ್ ಹಾರ್ಲೆಮ್‌ಗೆ ಹೋಗಿ ಹುಡುಕಿ ಹಿಡಿದು, ನಿಮ್ಮದೇ ಗುಂಪು ಕಟ್ಟಿ ಎಂದರು. ಹಾಗೆ ಹುಟ್ಟಿದ್ದು ಡ್ರಿಫ್ಟರ್ಸ್. ಮೊದಲು ಸೇರಿಸಿಕೊಂಡ ಗಾಯಕರ ಕೂಟ ಹೊಂದಲಿಲ್ಲ, ಕೆಲವೇ ವಾರಗಳಲ್ಲಿ ಬದಲಾಯಿತು. ಅಂದರೆ ಆಳು ಬದಲಿಸುವ ಚಾಳಿ ಈ ಗುಂಪಿಗೆ ಹುಟ್ಟಿನಿಂದಲೇ ಅಂಟಿತ್ತು. ಅದೇ ವರ್ಷ ಬಂದ 'ಮನಿ ಹನಿ' ಆರ್ ಅಂಡ್ ಬಿ (ರಿದಮ್ ಅಂಡ್ ಬ್ಲೂಸ್) ಹಾಡುಗಳ ಪಟ್ಟಿಯಲ್ಲಿ 11 ವಾರ ಮೊದಲ ಸ್ಥಾನದಲ್ಲಿ ಕೂತಿತು.

1954ರಲ್ಲಿ ಮ್ಯಾಕ್‌ಫ್ಯಾಟರ್‌ಗೆ ಸೇನೆಯ ಕರೆ ಬಂತು. ಆಮೇಲೆ ಒಬ್ಬರೇ ಹಾಡುವ ಮನಸ್ಸಾಯಿತು. ಹೋಗುವಾಗ ಗುಂಪಿನಲ್ಲಿದ್ದ ತಮ್ಮ ಪಾಲನ್ನು ಟ್ರೆಡ್ವೆಲ್‌ಗೆ ಮಾರಿಬಿಟ್ಟರು. ಸಂಬಳದಾಳಾಗಿ ನೊಂದಿದ್ದವರೇ ಉಳಿದ ಗೆಳೆಯರನ್ನು ಸಂಬಳದಾಳುಗಳ ಸಾಲಿಗೆ ನೂಕಿದಂತಾಯಿತು. ಮುಂದೆ ಅದಕ್ಕಾಗಿ ಬಹಳ ಪರಿತಪಿಸಿದರು. 1972ರಲ್ಲಿ, ಇನ್ನೂ 40 ತುಂಬುವ ಮೊದಲೇ, ತೀರಿಕೊಂಡರು.

ಟ್ರೆಡ್ವೆಲ್ ಕೂಡ ಸಂಗೀತಗಾರರೇ. ಜಾಝ್ ಟ್ರಂಪೆಟ್ ನುಡಿಸುತ್ತಿದ್ದರು, ಗಾಯಕಿ ಸಾರಾ ವಾನ್ ಅವರ ಪತಿಯಾಗಿದ್ದರು, ಮ್ಯಾನೇಜರೂ ಆಗಿದ್ದರು. ಗಾಯಕರ ಕಷ್ಟ ಗೊತ್ತಿಲ್ಲದವರೇನಲ್ಲ. ಆದರೂ ಬಾಸ್ ದನಿಯ ಬಿಲ್ ಪಿಂಕ್ನಿ 1956ರಲ್ಲಿ ಸಂಬಳ ಜಾಸ್ತಿ ಮಾಡಿ ಎಂದು ಕೇಳಿದಾಗ ಸಿಕ್ಕಿದ್ದು ಕೆಲಸದಿಂದ ವಜಾ.

ಈಗ 1958ರ ಹೊಸ ಹುಡುಗರ ಕಡೆ ಬರೋಣ. ಊರೂರು ಸುತ್ತಿ ಹಾಡಿದರು. ಹಳೆಯ ಡ್ರಿಫ್ಟರ್ಸ್ ಕೇಳಲು ಬಂದ ಜನಕ್ಕೆ ಇವರ ಮುಖ ನೋಡಿ ಸಿಟ್ಟು ಬರುತ್ತಿತ್ತು. ಸುಮಾರು ಒಂದು ವರ್ಷ ಹೀಗೇ ನಡೆಯಿತು. 1959ರ ಮಾರ್ಚ್‌ನಲ್ಲಿ ಸ್ಟುಡಿಯೊಗೆ ಹೋದರು. ಹಾಡು 'ದೇರ್ ಗೋಸ್ ಮೈ ಬೇಬಿ'. ಚಾರ್ಲಿ ಥಾಮಸ್ ಹಾಡಬೇಕಿತ್ತು, ಆದರೆ ಮೈಕ್ ಮುಂದೆ ಅವರಿಗೆ ಕೈಕಾಲು ಆಡಲಿಲ್ಲ. ಹಾಡು ಬರೆಯುವುದರಲ್ಲಿ ಕೈಯಾಡಿಸಿದ್ದ ಗುಂಪಿನ ಇನ್ನೊಬ್ಬ ಗಾಯಕ ಬೆನ್ ಇ. ಕಿಂಗ್ ತಾವೇ ನಿಂತು ಹಾಡಿದರು. ನಿರ್ಮಾಪಕರಾದ ಲೀಬರ್ ಮತ್ತು ಸ್ಟೋಲರ್ ಹಿನ್ನೆಲೆಗೆ ಪಿಟೀಲುಗಳನ್ನು ತುಂಬಿದರು. ಟಿಂಪನಿ ಎಂಬ ದೊಡ್ಡ ನಗಾರಿಯನ್ನೂ ತಂದಿಟ್ಟರು. ಅದರ ಶ್ರುತಿ ಸರಿಯಾಗಿ ಕೂಡಲೇ ಇಲ್ಲ. ಅಟ್ಲಾಂಟಿಕ್‌ನ ಜೆರ್ರಿ ವೆಕ್ಸ್ಲರ್‌ಗೆ ಅದನ್ನು ಕೇಳಿ ಮೈ ಉರಿಯಿತು. ರೇಡಿಯೊ ಎರಡು ಸ್ಟೇಷನ್ ನಡುವೆ ಸಿಕ್ಕಿಕೊಂಡ ಹಾಗಿದೆ ಎಂದು ಬೈದರು. ಇವತ್ತು ಕೇಳಿದರೂ ಅವರ ಮಾತು ಪೂರ್ತಿ ತಪ್ಪು ಅನಿಸುವುದಿಲ್ಲ. ಆದರೆ ಆ ಗಜಿಬಿಜಿಯ ಮೇಲೆ ಕಿಂಗ್ ಅವರ ದನಿ ಅಳುತ್ತಾ ಬರುತ್ತದಲ್ಲ, ಅದೇ ಅದರ ಚೆಂದ. ಹಾಡು ಅಮೆರಿಕದ ಪಾಪ್ ಪಟ್ಟಿಯಲ್ಲಿ 2ನೇ ಸ್ಥಾನಕ್ಕೆ ಹೋಯಿತು. ಸೋಲ್ ಹಾಡುಗಳಿಗೆ ಪಿಟೀಲು ಮೇಳ ಅಂಟಿಕೊಂಡಿದ್ದು ಆಮೇಲೆಯೇ.

ಕಿಂಗ್‌ಗೂ ಸಂಬಳದ್ದೇ ತಕರಾರು. ಹಾಡು ಅಷ್ಟೊಂದು ಓಡುತ್ತಿದೆ, ನಮ್ಮ ಪಾಲು ಎಲ್ಲಿ ಎಂದು ಕೇಳಿದರು. ಸಿಗಲಿಲ್ಲ, 1960ರಲ್ಲಿ ಹೊರನಡೆದರು. ಅವರ ದನಿಯಲ್ಲಿದ್ದ 'ಸೇವ್ ದ ಲಾಸ್ಟ್ ಡಾನ್ಸ್ ಫಾರ್ ಮಿ' ಅದೇ ವರ್ಷ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇರುವ ಹೊತ್ತಿಗೆ ಅವರು ಗುಂಪಿನಲ್ಲೇ ಇರಲಿಲ್ಲ. ಟಿವಿಯಲ್ಲಿ ಆ ಹಾಡು ಬಂದಾಗ ತುಟಿ ಆಡಿಸಿದ್ದು ಚಾರ್ಲಿ ಥಾಮಸ್. (ಅದರ ಸಾಲು ಬರೆದ ಡಾಕ್ ಪೋಮಸ್‌ಗೆ ಚಿಕ್ಕಂದಿನಲ್ಲೇ ಪೋಲಿಯೊ ಬಂದಿತ್ತು. ತಮ್ಮ ಮದುವೆಯ ದಿನ ಹೆಂಡತಿ ಬೇರೆಯವರ ಜೊತೆ ಕುಣಿಯುವುದನ್ನು ಕೂತು ನೋಡಿದ ನೆನಪಿನಿಂದ ಬರೆದದ್ದು ಅದು. ಗೊತ್ತಾದ ಮೇಲೆ ಹಾಡು ಬೇರೆಯೇ ಥರ ಕೇಳಿಸುತ್ತದೆ.) ಹೊರಗೆ ಹೋದ ಕಿಂಗ್ ಹಾಡಿದ 'ಸ್ಟ್ಯಾಂಡ್ ಬೈ ಮಿ' 1961ರಲ್ಲಿ ಬಂತು. ಆ ಒಂದು ಹಾಡು ಅವರನ್ನು ಕೊನೆತನಕ ಸಾಕಿತು.

ಅವರ ಜಾಗಕ್ಕೆ ರೂಡಿ ಲೂಯಿಸ್ ಬಂದರು. ಮೂರು ವರ್ಷ ಗುಂಪಿನ ದನಿಯಾಗಿ ನಿಂತರು. 1964ರ ಮೇ 21ಕ್ಕೆ 'ಅಂಡರ್ ದ ಬೋರ್ಡ್‌ವಾಕ್' ರೆಕಾರ್ಡಿಂಗ್ ಗೊತ್ತಾಗಿತ್ತು. ಹಿಂದಿನ ರಾತ್ರಿ ಲೂಯಿಸ್ ತೀರಿಹೋದರು. ರೆಕಾರ್ಡಿಂಗ್ ಮುಂದಕ್ಕೆ ಹಾಕಲಿಲ್ಲ. ಗುಂಪಿನ ಇನ್ನೊಬ್ಬ ಗಾಯಕ ಜಾನಿ ಮೂರ್ ಮೈಕ್ ಮುಂದೆ ನಿಂತರು. ಬೇಸಿಗೆ, ಕಡಲತೀರ, ಪ್ರೇಮ ಎಂದು ಸಾಗುವ ಆ ಹಗುರ ಹಾಡಿನಲ್ಲಿ ಒಂದು ತೆಳು ದುಃಖ ಇದೆ. ಸಾವಿನ ಸುದ್ದಿ ಗೊತ್ತಿರುವುದರಿಂದ ನನಗೆ ಹಾಗೆ ಕೇಳಿಸುತ್ತದೋ ಏನೋ.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ಆಳು ಬದಲಾದಂತೆಲ್ಲ ಹೊಸ ದನಿ ಬಂತು, ಗುಂಪು ಹಳತಾಗಲಿಲ್ಲ. ಟ್ರೆಡ್ವೆಲ್ ಲೆಕ್ಕಾಚಾರ ವ್ಯಾಪಾರವಾಗಿ ಗೆದ್ದಿತು. ಅದರ ಬೆಲೆ ತೆತ್ತವರು ಗಾಯಕರು.

1967ರಲ್ಲಿ ಟ್ರೆಡ್ವೆಲ್ ತೀರಿಕೊಂಡರು. ಹೆಸರು ಹೆಂಡತಿ ಫೇ ಟ್ರೆಡ್ವೆಲ್ ಕೈಗೆ ಬಂತು. ಎಪ್ಪತ್ತರ ದಶಕದಲ್ಲಿ ಅವರು ಗುಂಪನ್ನು ಬ್ರಿಟನ್‌ಗೆ ಕರೆದೊಯ್ದರು. ಜಾನಿ ಮೂರ್ ದನಿಯಲ್ಲಿ ಅಲ್ಲಿ ಮತ್ತೆ ಹಾಡುಗಳು ಗೆದ್ದವು. ಈ ಕಡೆ ಅಮೆರಿಕದಲ್ಲಿ ಬಿಲ್ ಪಿಂಕ್ನಿ 'ಒರಿಜಿನಲ್ ಡ್ರಿಫ್ಟರ್ಸ್' ಅಂತ ಹಾಡುತ್ತಿದ್ದರು. ಚಾರ್ಲಿ ಥಾಮಸ್ ಅವರದು ಇನ್ನೊಂದು ಗುಂಪು. ಇವರಾದರೂ ನಿಜವಾಗಿ ಹಾಡಿದವರು. ಇವರ ನಡುವೆ, ಆ ಗುಂಪಿನ ಹೊಸ್ತಿಲನ್ನೂ ತುಳಿಯದವರು ಹೆಸರು ಹಾಕಿಕೊಂಡು ಟಿಕೆಟ್ ಮಾರತೊಡಗಿದರು.

ಇದು ಡ್ರಿಫ್ಟರ್ಸ್ ಒಬ್ಬರ ಪಾಡಲ್ಲ, ಹಳೆಯ ಗುಂಪುಗಳಿಗೆಲ್ಲ ಇದೇ ಕಾಟ. ಷಾ ನಾ ನಾ ಗುಂಪಿನ ಜಾನ್ ಬೌಮನ್, ಸುಪ್ರೀಮ್ಸ್‌ನ ಮೇರಿ ವಿಲ್ಸನ್ ರಾಜ್ಯರಾಜ್ಯ ಸುತ್ತಿ ಕಾನೂನು ಬೇಕು ಎಂದು ಹೋರಾಡಿದರು. 2000ದ ದಶಕದಿಂದ ಅಮೆರಿಕದ 30ಕ್ಕೂ ಹೆಚ್ಚು ರಾಜ್ಯಗಳಲ್ಲಿ 'ಟ್ರೂತ್ ಇನ್ ಮ್ಯೂಸಿಕ್' ಕಾಯ್ದೆ ಬಂತು. ಮೂಲ ಗುಂಪಿನಲ್ಲಿ ಹಾಡಿದ ಒಬ್ಬರಾದರೂ ವೇದಿಕೆಯಲ್ಲಿರಬೇಕು. ಇಲ್ಲವಾದರೆ ಇದು ಬರೀ ಗೌರವಾರ್ಥ ಕಾರ್ಯಕ್ರಮ ಎಂದು ಹೇಳಬೇಕು. ಒಂದು ವಿನಾಯಿತಿಯೂ ಇದೆ: ಟ್ರೇಡ್‌ಮಾರ್ಕ್ ನಿಮ್ಮದಾಗಿದ್ದರೆ ಈ ಕಟ್ಟುಪಾಡು ಇಲ್ಲ. ಅಂದರೆ ನಕಲಿಗಳನ್ನು ಓಡಿಸಲು ಬಂದ ಕಾನೂನು ಕೂಡ ಕೊನೆಗೆ ಕಾಗದ ಇಟ್ಟುಕೊಂಡವರಿಗೇ ತಲೆಬಾಗಿತು. 1958ರಲ್ಲಿ ಟ್ರೆಡ್ವೆಲ್ ಮಾಡಿದ್ದನ್ನು ಈಗಲೂ ಮಾಡಬಹುದು.

1988ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಡ್ರಿಫ್ಟರ್ಸ್ ಸೇರಿದಾಗ ಪಟ್ಟಿಯಲ್ಲಿ ಏಳು ಹೆಸರುಗಳಿದ್ದವು. ಮ್ಯಾಕ್‌ಫ್ಯಾಟರ್, ಪಿಂಕ್ನಿ, ಗೆರ್ಹಾರ್ಟ್ ಥ್ರಾಶರ್, ಮೂರ್, ಕಿಂಗ್, ಥಾಮಸ್, ಲೂಯಿಸ್. ಎಲ್ಲರೂ ಹಾಡಿದವರು. ಯಜಮಾನನ ಹೆಸರು ಅದರಲ್ಲಿಲ್ಲ.

ಸಂಬಳ ಕೇಳಿ ಕೆಲಸ ಕಳೆದುಕೊಂಡಿದ್ದ ಪಿಂಕ್ನಿ ಅದಾದ ಮೇಲೂ 50 ವರ್ಷ ಹಾಡಿದರು. 2007ರ ಜುಲೈ 4ರಂದು ಫ್ಲಾರಿಡಾದ ಡೇಟೋನಾ ಬೀಚ್‌ನಲ್ಲಿ ಅವರ ಕಾರ್ಯಕ್ರಮವಿತ್ತು. ಅವತ್ತೇ ಅಲ್ಲಿನ ಹೋಟೆಲಿನಲ್ಲಿ ಪ್ರಾಣ ಬಿಟ್ಟರು. ವಯಸ್ಸು 81.