ಅಚಿನ್ ಟಾನ್: ರೋಮಾನಿಗಳ ತಂಗುದಾಣ

ಇಂಗ್ಲೆಂಡಿನ ರೋಮಾನಿ (ಜಿಪ್ಸಿ) ಜನರ ಮಾತಿನಲ್ಲಿ ‘ಅಚಿನ್ ಟಾನ್’ ಎಂದರೆ ಬಂಡಿ ನಿಲ್ಲಿಸಿ, ಕುದುರೆ ಬಿಚ್ಚಿ, ಒಲೆ ಹೂಡುವ ಜಾಗ. ‘ಅಚ್’ ಎಂದರೆ ನಿಲ್ಲು, ಉಳಿ; ‘ಟಾನ್’ ಎಂದರೆ ಜಾಗ. ಸುಮಾರು ಸಾವಿರ ವರ್ಷಗಳ ಹಿಂದೆ ಭಾರತದಿಂದ ಪಡುವಣಕ್ಕೆ ಹೊರಟುಹೋದವರ ಭಾಷೆಯಾದ್ದರಿಂದ ಈ ಎರಡೂ ನಮಗೆ ದೂರದ ಪದಗಳಲ್ಲ. ಮೊದಲನೆಯದು ಪ್ರಾಕೃತದ ‘ಅಚ್ಛಇ’, ಬಂಗಾಳಿಯ ‘ಆಛೆ’ಗಳ ನಂಟಿನದು, ಎರಡನೆಯದು ಸಂಸ್ಕೃತದ ‘ಸ್ಥಾನ’ದಿಂದ ಬಂದದ್ದು. ಅದೇ ‘ಸ್ಥಾನ’ ಕನ್ನಡದಲ್ಲಿ ‘ತಾಣ’ವಾಗಿದೆ. ನಡುವಿನ ‘ಇನ್’ ಮಾತ್ರ ಇಂಗ್ಲಿಷಿನ ಪ್ರತ್ಯಯ. ತಂಗು ಮತ್ತು ತಾಣ ಸೇರಿ ಆದ ನಮ್ಮ ‘ತಂಗುದಾಣ’ವೂ ಇದೇ ಕಟ್ಟಿನ ಪದ. ಬಸ್ಸು ಕಾಯುವ ಸೂರಿಗೆ ನಾವು ಮೀಸಲಿಟ್ಟಿರುವ ಈ ಪದಕ್ಕಿಂತ ಹತ್ತಿರದ ಅನುವಾದ ನನಗೆ ಕಾಣುವುದಿಲ್ಲ.

‘ತಾಂಡಾ’ ಎಂಬ ಪದವೂ ನೆನಪಿಗೆ ಬರಬಹುದು. ಆದರೆ ತಾಂಡಾ ಮೂಲದಲ್ಲಿ ಸಾಗುವ ಗುಂಪಿನ ಹೆಸರು, ಟಾನ್ ನಿಲ್ಲುವ ನೆಲದ ಹೆಸರು, ಎರಡನ್ನೂ ಬೆರೆಸಬಾರದು.

ರೋಮಾನಿಗಳನ್ನು ನಾವು ಒಂದೇ ಮಾತಿನಲ್ಲಿ ‘ಅಲೆಮಾರಿ’ಗಳೆಂದು ಕರೆದುಬಿಡುತ್ತೇವೆ. ಗೊತ್ತುಗುರಿಯಿಲ್ಲದ ಅಲೆದಾಟವನ್ನು ಸೂಚಿಸುವ ಆ ಪದ ಇವರ ಬದುಕಿಗೆ ಹೊಂದುವುದಿಲ್ಲ ಎಂಬುದಕ್ಕೆ ಅಚಿನ್ ಟಾನ್ ಎಂಬ ಪದವೇ ಸಾಕ್ಷಿ. ಇಪ್ಪತ್ತನೆಯ ಶತಮಾನದ ನಡುಭಾಗದವರೆಗೂ ಹಳ್ಳಿಗಾಡಿನ ರೋಮಾನಿ ಕುಟುಂಬವೊಂದರ ವರ್ಷ ಬೆಳೆಗಳ ಹಿಂದೆ ಸುತ್ತುತ್ತಿತ್ತು. ಬೇಸಿಗೆಯಲ್ಲಿ ಬಟಾಣಿ ಮತ್ತು ಹಣ್ಣು ಬಿಡಿಸುವ ಕೆಲಸ, ಸೆಪ್ಟೆಂಬರಿನಲ್ಲಿ ಕೆಂಟ್ ಅಥವಾ ಹೆರೆಫರ್ಡ್‌ಷೈರ್ ಕಡೆ ಬಿಯರಿಗೆ ಬೇಕಾದ ಹಾಪ್ ಹೂವಿನ ಕೊಯ್ಲು, ಆಮೇಲೆ ಆಲೂಗಡ್ಡೆ ಅಗೆತ. ನಡುವೆ ಜೂನ್‌ನಲ್ಲಿ ಆಪಲ್‌ಬಿಯ ಕುದುರೆ ಜಾತ್ರೆ. ಅನೇಕ ಕುಟುಂಬಗಳು ವರ್ಷವರ್ಷವೂ ಅದೇ ಜಮೀನಿಗೆ, ಅದೇ ಬೇಲಿಯ ಮಗ್ಗುಲಿಗೆ ಮರಳುತ್ತಿದ್ದವು. ಅಲ್ಲಿ ಬೆಳೆದ ಮಗುವಿಗೆ ಊರು ಎಂದರೆ ಒಂದು ಚುಕ್ಕೆಯಲ್ಲ, ಇಂಥ ತಂಗುದಾಣಗಳನ್ನು ಪೋಣಿಸಿದ ಒಂದು ಸರ.

ತಂಗುದಾಣದಲ್ಲಿ ಮಕ್ಕಳಿಗೂ ಕೆಲಸವಿತ್ತು. ಸೌದೆ ಆರಿಸಬೇಕು, ನೀರು ತರಬೇಕು, ಕುದುರೆ ನೋಡಿಕೊಳ್ಳಬೇಕು. ಬೆಂಕಿಯ ಪಕ್ಕ ನೆಲಕ್ಕೆ ನೆಟ್ಟ ಕಬ್ಬಿಣದ ಕೊಕ್ಕೆಯಲ್ಲಿ ಕೆಟಲ್ ತೂಗುತ್ತಿರುತ್ತಿತ್ತು. ಗಂಡಸರು ಹೇಜಲ್ ಅಥವಾ ವಿಲೋ ಕಡ್ಡಿ ಸೀಳಿ, ತಗಡಿನ ಪಟ್ಟಿ ಸುತ್ತಿ, ಬಟ್ಟೆ ಒಣಹಾಕುವ ಕ್ಲಿಪ್ಪುಗಳನ್ನು ಮಾಡುತ್ತಿದ್ದರು. ಹೆಂಗಸರು ಅವನ್ನು ಬುಟ್ಟಿಯಲ್ಲಿಟ್ಟುಕೊಂಡು ಮನೆಮನೆಗೆ ಮಾರಲು ಹೋಗುತ್ತಿದ್ದರು. ಪಾತ್ರೆ ತೊಳೆಯುವ ಬೋಗುಣಿಯೇ ಬೇರೆ, ಮೈಕೈ ತೊಳೆಯುವುದೇ ಬೇರೆ. ಅಪ್ಪಿತಪ್ಪಿ ಬೆರೆತರೆ ಅದು ‘ಮೊಕಾಡಿ’. ಮುಸುರೆ, ಮೈಲಿಗೆ ಬಲ್ಲ ಕನ್ನಡದ ಮನೆಗಳಿಗೆ ಈ ಪದವನ್ನು ಬಿಡಿಸಿ ಹೇಳಬೇಕಿಲ್ಲ.

ಬಂಡಿಮನೆಯ ರಚನೆಯೂ ತಂಗುದಾಣಗಳ ನಡುವಿನ ದಾರಿಯನ್ನು ನೆನೆದೇ ಆದದ್ದು. ‘ವಾರ್ಡೊ’ ಎಂಬ ಈ ಬಂಡಿಯ ಬಾಗಿಲು ಮುಂಭಾಗದಲ್ಲಿರುತ್ತದೆ. ಒಳಗೆ ಕಾಲಿಟ್ಟೊಡನೆ ಎಡಗಡೆ ಒಲೆ. ಹಾಗಾಗಿ ಹೊಗೆ ಕೊಳವೆ ಬಂಡಿಯ ಬಲಮಗ್ಗುಲಿಗೆ, ರಸ್ತೆಯ ನಡುವಿನ ಕಡೆಗೆ ಬರುತ್ತದೆ. ರಸ್ತೆಯ ಎಡಬದಿಯಲ್ಲಿ ಸಾಗುವ ಬಂಡಿಯ ಕೊಳವೆಗೆ ಅಂಚಿನ ಮರದ ಕೊಂಬೆಗಳು ತಗಲದಿರಲಿ ಎಂಬ ಲೆಕ್ಕಾಚಾರವಿದು. ಮುಂದೆ ಹೋದವರು ಕವಲುದಾರಿಯಲ್ಲಿ ಹುಲ್ಲಿನ ಕಟ್ಟು ಅಥವಾ ಸೊಪ್ಪಿನ ಕಡ್ಡಿ ಇಟ್ಟು ಹಿಂದೆ ಬರುವವರಿಗೆ ದಾರಿ ತೋರುತ್ತಿದ್ದರು. ಆ ಗುರುತಿನ ಹೆಸರು ‘ಪತ್ರಿನ್’, ಎಂದರೆ ಎಲೆ. ನಮ್ಮ ಬಿಲ್ವಪತ್ರೆಯ ಪತ್ರೆಯೇ.

ಪದ ಉಳಿದಿದೆ, ನೆಲ ಉಳಿದಿಲ್ಲ. ಯಂತ್ರಗಳು ಬಂದು ಹಾಪ್ ಕೊಯ್ಲಿಗೆ ಕೈಗಳು ಬೇಡವಾದವು. 1960ರ ಕ್ಯಾರವಾನ್ (ಬಂಡಿಮನೆ) ಕಾಯ್ದೆಯಿಂದಾಗಿ ರೈತರು ತಮ್ಮ ಹೊಲದಲ್ಲಿ ಇವರಿಗೆ ಜಾಗ ಕೊಡುವುದು ಕಷ್ಟವಾಯಿತು. ಸ್ಥಳೀಯ ಸಂಸ್ಥೆಗಳೇ ತಂಗುದಾಣ ಒದಗಿಸಬೇಕೆಂದು 1968ರ ಕಾಯ್ದೆ ಹೇಳಿತು. 1994ರಲ್ಲಿ ಆ ಹೊಣೆಯನ್ನು ತೆಗೆದುಹಾಕಲಾಯಿತು. 2022ರ ಕಾಯ್ದೆಯಂತೂ ಅನುಮತಿಯಿಲ್ಲದೆ ನಿಂತು, ಹೇಳಿದರೂ ಹೋಗದವರ ವಾಹನವನ್ನೇ, ಎಂದರೆ ಮನೆಯನ್ನೇ, ಜಪ್ತಿ ಮಾಡುವ ಪೊಲೀಸರ ಅಧಿಕಾರವನ್ನು ಹಿಗ್ಗಿಸಿತು. ಎಬ್ಬಿಸಿದ ಜಾಗಕ್ಕೆ ಮೂರು ತಿಂಗಳು ಮರಳಬಾರದೆಂದಿದ್ದ ನಿಷೇಧವನ್ನು ಹನ್ನೆರಡು ತಿಂಗಳಿಗೆ ಬೆಳೆಸಿತು. ಈ ವಿಸ್ತರಣೆ ಮಾನವ ಹಕ್ಕುಗಳಿಗೆ ಹೊಂದುವುದಿಲ್ಲವೆಂದು 2024ರ ಮೇ ತಿಂಗಳಲ್ಲಿ ಅಲ್ಲಿನ ಹೈಕೋರ್ಟ್ ಘೋಷಿಸಿತು. ಲೀಡ್ಸ್ ನಗರದಲ್ಲಿ ಆಡಳಿತ ಮತ್ತು ಕುಟುಂಬಗಳು ಮಾತುಕತೆಯಿಂದ ಜಾಗವನ್ನೂ ಅವಧಿಯನ್ನೂ ಗೊತ್ತುಮಾಡಿಕೊಳ್ಳುವ ಪದ್ಧತಿ ಬಂದಿದೆ. ಕಸದ ತೊಟ್ಟಿ ಮತ್ತು ಶೌಚಾಲಯದ ವ್ಯವಸ್ಥೆಯಾಗುತ್ತದೆ. ಒಪ್ಪಿದ ದಿನದವರೆಗೆ ಅಲ್ಲಿಂದ ಯಾರೂ ಎಬ್ಬಿಸುವುದಿಲ್ಲ.